ಅನುಭವ ಇದೆ, ಕಾಗದ ಇದೆಯಾ?

(ಕಾರವಾರದಲ್ಲಿ ನರ್ಸಿಂಗ್ ಮತ್ತು ಐಟಿಐ ಓದುತ್ತಿರುವ ಮಕ್ಕಳು, ಅವರ ಮನೆಯವರ ಎದುರು ಬೇರೆ ದೇಶದ ಖಾಯಂ ವಾಸದ ಬಗ್ಗೆ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಮೊದಲು ಒಂದು ಸಂಬಂಧವಿಲ್ಲದ ಪ್ರಶ್ನೆ. ನಿಮ್ಮಲ್ಲಿ ಎಷ್ಟು ಜನರ ಮನೆಯಿಂದ ಅರಣ್ಯ ಹಕ್ಕಿನ ಅರ್ಜಿ ಹೋಗಿದೆ? ಕೈ ಎತ್ತಿ ನೋಡುವಾ. ಅರ್ಧಕ್ಕರ್ಧ ಇದ್ದೀರಿ. ಹಾಗಾದರೆ ನನ್ನ ಕೆಲಸ ಸುಲಭ ಆಯ್ತು.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ನಮ್ಮಂಥವರಿಗೆ ಏನು ಕೇಳಿದ್ದಾರೆ? 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದೆವು ಅನ್ನುವುದಕ್ಕೆ ಪುರಾವೆ. ನನ್ನ ಅಜ್ಜ ಆ ಜಾಗದಲ್ಲೇ ಹುಟ್ಟಿ, ಅಲ್ಲೇ ಗದ್ದೆ ಮಾಡಿ, ಅಲ್ಲೇ ಸತ್ತವ. ಇಡೀ ಕೇರಿಗೆ ಗೊತ್ತು. ಆದರೆ ಅಜ್ಜ ಅಲ್ಲಿದ್ದ ಅಂತ ಹೇಳುವ ಒಂದು ಚೀಟಿ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಇರಲಿಲ್ಲ. ಅರ್ಜಿ ವಾಪಸ್ಸು ಬಂತು. ಪಕ್ಕದ ಮನೆಯವರ ಹತ್ತಿರ ಹಳೆಯ ದಂಡದ ರಸೀದಿ ಇತ್ತು. ‘ಅತಿಕ್ರಮಣ ಮಾಡಿದ್ದೀಯ’ ಅಂತ ಅವರ ಅಜ್ಜನಿಗೆ ಹಾಕಿದ ದಂಡ. ಆ ದಂಡವೇ ಈಗ ಅವರಿಗೆ ಸಾಕ್ಷಿ. ನಮ್ಮ ಅಜ್ಜ ಬಲು ಸಾಧು, ದಂಡ ಹಾಕಿಸಿಕೊಳ್ಳದೆ ಬದುಕಿದವ. ಅದೇ ತಪ್ಪಾಯಿತು.

ಕುಶಲ ಕೆಲಸಗಾರರಿಗೆ ಬೇರೆ ದೇಶದವರು ಕೊಡುವ ಪಿಆರ್ ಅಂದರೆ ಇದೇ ಕಥೆ. ಖಾಯಂ ವಾಸದ ಅನುಮತಿ. ನೀವು ಎಷ್ಟು ಚೆನ್ನಾಗಿ ಇಂಜೆಕ್ಷನ್ ಕೊಡುತ್ತೀರಿ, ಎಷ್ಟು ನೇರ ವೆಲ್ಡಿಂಗ್ ಎಳೆಯುತ್ತೀರಿ ಅಂತ ಯಾರೂ ಬಂದು ನೋಡುವುದಿಲ್ಲ. ಕಾಗದ ನೋಡುತ್ತಾರೆ, ಅಷ್ಟೆ. ನಾನು ಕೆನಡಾದ ಲೆಕ್ಕವನ್ನೇ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ನಾನೇ ಬಿದ್ದು ಎದ್ದಿದ್ದೇನೆ.

ಗಲ್ಫ್ ನಿಮಗೆಲ್ಲ ಗೊತ್ತು. ಭಟ್ಕಳದಿಂದ ಕಾರವಾರದವರೆಗೆ ಗಲ್ಫಿಗೆ ಯಾರೂ ಹೋಗದ ಕೇರಿ ಇಲ್ಲ. ನಾನು ಮಸ್ಕತ್‌ನಲ್ಲಿ ನಾಲ್ಕು ವರ್ಷ ಹನ್ನೊಂದು ತಿಂಗಳು ನರ್ಸ್ ಆಗಿದ್ದೆ. ಅಲ್ಲಿ ನಮ್ಮ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ದುಡಿದ ಒಬ್ಬರು ಸಿಸ್ಟರ್ ಇದ್ದರು. ಅವರ ವಾಸದ ಕಾರ್ಡೂ ನನ್ನ ಕಾರ್ಡೂ ಒಂದೇ. ಕೆಲಸ ಬಿಟ್ಟರೆ ಇಬ್ಬರೂ ಊರಿಗೆ. ವರ್ಷ ಸೇರಿದ ಹಾಗೆ ಹಕ್ಕು ಸೇರುವುದಿಲ್ಲ. ಪಿಆರ್ ಇದ್ದವರ ವಾಸಕ್ಕೂ ಧಣಿಗೂ ಸಂಬಂಧ ಇಲ್ಲ. ಕೆಲಸ ಹೋದರೂ ಮನೆಯಲ್ಲೇ ಇರಬಹುದು, ಬೇರೆ ಕೆಲಸ ಹುಡುಕಬಹುದು, ಮಕ್ಕಳು ಸರ್ಕಾರಿ ಶಾಲೆಗೆ ಹೋಗಬಹುದು. ವೋಟು ಮಾತ್ರ ಇಲ್ಲ. ಪಾಸ್‌ಪೋರ್ಟ್ ನಮ್ಮದೇ, ನೀಲಿ ಬಣ್ಣದ್ದು.

ಇಲ್ಲೊಂದು ತಮಾಷೆ. ಮಸ್ಕತ್‌ನಲ್ಲಿ ‘ಎನ್‌ಒಸಿ’ ಅಂದರೆ ಎಲ್ಲರಿಗೂ ಎದೆ ಢವಢವ. ಹಳೆ ಧಣಿ ‘ಆಕ್ಷೇಪಣೆ ಇಲ್ಲ’ ಅಂತ ಬರೆದುಕೊಟ್ಟರೆ ಮಾತ್ರ ಹೊಸ ಧಣಿಯ ಹತ್ತಿರ ಹೋಗಬಹುದಿತ್ತು. 2021ರ ಜನವರಿಯಿಂದ ಓಮಾನ್ ಅದನ್ನು ತೆಗೆದುಹಾಕಿತು. ನಮ್ಮವರು ಹೋಟೆಲಿನಲ್ಲಿ ಬಿರಿಯಾನಿ ಕೊಡಿಸಿ ಹಬ್ಬ ಮಾಡಿದರು. ಅದೇ ಹೊತ್ತಿಗೆ ನಾನು ಕೆನಡಾದ ಅರ್ಜಿ ಓದುತ್ತಾ ಕೂತರೆ ಮೊದಲ ಪುಟದಲ್ಲೇ ‘ನಿಮ್ಮ ಎನ್‌ಒಸಿ ಯಾವುದು?’ ಅಂತ. ಅಯ್ಯೋ, ಅಲ್ಲೂ ಇದೆಯಾ ಅಂದುಕೊಂಡೆ! ಅಲ್ಲಿ ಎನ್‌ಒಸಿ ಅಂದರೆ ಉದ್ಯೋಗಗಳ ರಾಷ್ಟ್ರೀಯ ವರ್ಗೀಕರಣ. ಪ್ರತಿ ಕಸುಬಿಗೂ ಈಗ ಐದಂಕಿಯ ಒಂದು ಸಂಖ್ಯೆ. ನೋಂದಾಯಿತ ನರ್ಸ್ ಅಂದರೆ 31301.

ಆ ಪಟ್ಟಿಯಲ್ಲಿ ಕಸುಬುಗಳನ್ನು 0ಯಿಂದ 5ರವರೆಗೆ ಆರು ದರ್ಜೆ ಮಾಡಿದ್ದಾರೆ. ನರ್ಸ್ ಒಂದನೇ ದರ್ಜೆ. ಎಲೆಕ್ಟ್ರಿಷಿಯನ್, ವೆಲ್ಡರ್, ಎಸಿ ಮೆಕ್ಯಾನಿಕ್ ಎರಡು. ಅಡುಗೆಯವ, ಲಾರಿ ಡ್ರೈವರ್, ನರ್ಸಿಂಗ್ ಸಹಾಯಕಿ ಮೂರು. ಅಂಗಡಿಯ ಸೇಲ್ಸ್‌ಮನ್ ನಾಲ್ಕು. ಎಕ್ಸ್‌ಪ್ರೆಸ್ ಎಂಟ್ರಿ ಅಂತ 2015ರ ಜನವರಿಯಲ್ಲಿ ಶುರುವಾದ ದಾರಿಯಲ್ಲಿ 0ಯಿಂದ 3ರವರೆಗಿನವರಿಗೆ ಮಾತ್ರ ಬಾಗಿಲು. ಅಡುಗೆಯವನಿಗೆ ಬಾಗಿಲು ತೆಗೆದು ಸೂಪರ್ ಮಾರ್ಕೆಟ್ ಹುಡುಗನಿಗೆ ಯಾಕೆ ಮುಚ್ಚಿದರು ಅಂತ ಕೇಳಬೇಡಿ. ಅದು ಅವರ ಮನೆ, ಅವರ ಬಾಗಿಲು.

ಹೊರಗಿನಿಂದ ಅರ್ಜಿ ಹಾಕುವವರಿಗೆ ಕಳೆದ ಹತ್ತು ವರ್ಷದೊಳಗೆ, ಒಂದೇ ಕಸುಬಿನಲ್ಲಿ, ಕನಿಷ್ಠ ಒಂದು ವರ್ಷದ ಅನುಭವ ಬೇಕು, ಅದೂ ಎಡೆಬಿಡದೆ. ವಾರಕ್ಕೆ 30 ಗಂಟೆ, ವರ್ಷಕ್ಕೆ 1,560 ಗಂಟೆ. ಈ ‘ಎಡೆಬಿಡದೆ’ಯಲ್ಲಿ ನಮ್ಮವರು ಜಾರುತ್ತಾರೆ. ಏಳು ತಿಂಗಳು ಇಲ್ಲಿ, ನಡುವೆ ಸುಗ್ಗಿಗೆ ರಜೆ, ಮತ್ತೆ ಆರು ತಿಂಗಳು ಇನ್ನೆಲ್ಲೋ. ಕೂಡಿಸಿದರೆ ಹದಿಮೂರು ತಿಂಗಳು, ಆದರೆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಕೈಗಾ ಅಣುಸ್ಥಾವರದ ಮೊದಲ ಘಟಕ ನೋಡಿ, 962 ದಿನ ಒಂದೇ ಸಮನೆ ಓಡಿ 2018ರ ಡಿಸೆಂಬರ್ 31ಕ್ಕೆ ನಿಂತಿತು, ಜಗತ್ತೇ ತಿರುಗಿ ನೋಡಿತು. ನಡುವೆ ಒಂದು ದಿನ ನಿಂತಿದ್ದರೆ ಎಣಿಕೆ ಮತ್ತೆ ಸೊನ್ನೆಯಿಂದ. ನಿಮಗೆ 962 ಬೇಡ. 365 ಸಾಕು.

ಈಗ ನನ್ನ ಕಾಗದದ ಕಥೆ. ಮಸ್ಕತ್‌ಗೆ ಹೋಗುವ ಮೊದಲು ಇದೇ ಕರಾವಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹದಿನಾಲ್ಕು ತಿಂಗಳು ಕೆಲಸ ಮಾಡಿದ್ದೆ. ಯಾವುದು ಅಂತ ಬೇಡ. ರಾತ್ರಿ ಪಾಳಿ, ಐಸಿಯು, ಒಬ್ಬಳೇ ಆರು ಮಂಚ. ಸಂಬಳ ಕವರಿನಲ್ಲಿ ಹಾಕಿ ಕೈಗೆ. ಬಿಡುವಾಗ ಅನುಭವ ಪತ್ರ ಕೇಳಿದೆ. ಅಚ್ಚು ಹಾಕಿದ ನಾಲ್ಕು ಸಾಲು ಕೊಟ್ಟರು. ‘ಇವರು ನಮ್ಮಲ್ಲಿ ಕೆಲಸ ಮಾಡಿರುತ್ತಾರೆ, ನಡತೆ ಚೆನ್ನಾಗಿದೆ, ಮುಂದಿನ ಜೀವನಕ್ಕೆ ಶುಭ ಹಾರೈಸುತ್ತೇವೆ.’ ಅದನ್ನು ಲ್ಯಾಮಿನೇಷನ್ ಬೇರೆ ಮಾಡಿಸಿಟ್ಟಿದ್ದೆ.

ಕೆನಡಾದವರು ಕೇಳುವ ಪತ್ರ ಹೇಗಿರಬೇಕು ಗೊತ್ತಾ? ಸಂಸ್ಥೆಯ ಲೆಟರ್‌ಹೆಡ್ ಮೇಲೆ, ವಿಳಾಸ, ಫೋನು, ಸಹಿ ಮಾಡಿದವರ ಹೆಸರು, ಹುದ್ದೆ. ನಿಮ್ಮ ಹುದ್ದೆ, ಸೇರಿದ ತಾರೀಕು, ಬಿಟ್ಟ ತಾರೀಕು, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಭತ್ಯೆ ಏನು. ಎಲ್ಲಕ್ಕಿಂತ ಹೆಚ್ಚಾಗಿ ದಿನಾ ಏನೇನು ಕೆಲಸ ಮಾಡುತ್ತಿದ್ದಿರಿ. ಆ ಕೆಲಸಗಳು 31301ರಲ್ಲಿ ಹೇಳಿದ ಕೆಲಸಗಳಿಗೆ ಹೊಂದಬೇಕು. ಹುದ್ದೆಯ ಹೆಸರು ‘ಸ್ಟಾಫ್ ನರ್ಸ್’ ಅಂತಿದ್ದರೆ ಸಾಲದು. ಹಾಗಂತ ಅವರ ವೆಬ್‌ಸೈಟಿನ ಸಾಲುಗಳನ್ನೇ ಎತ್ತಿ ಪತ್ರಕ್ಕೆ ಅಂಟಿಸಿದರೆ ಅಧಿಕಾರಿಗೆ ಅನುಮಾನ ಬರುತ್ತದೆ. ಅವನು ಅದೇ ಸಾಲನ್ನು ದಿನಾ ಓದುವವ.

ನಾನು ಮಸ್ಕತ್‌ನಿಂದ ಆ ಆಸ್ಪತ್ರೆಗೆ ಫೋನು ಮಾಡಿದೆ. ಅಣ್ಣನನ್ನು ಮೂರು ಸಲ ಕಳಿಸಿದೆ. ‘ನಾವು ಕೊಡುವುದು ಇದೇ ನಮೂನೆ, ಬೇಕಾದರೆ ಹೊಸ ತಾರೀಕು ಹಾಕಿ ಕೊಡುತ್ತೇವೆ’ ಅಂದರು. ಬ್ಯಾಂಕಿನಲ್ಲಿ ಸಂಬಳ ಬಿದ್ದ ಗುರುತೂ ಇಲ್ಲ. ಹದಿನಾಲ್ಕು ತಿಂಗಳು ಹೋಯಿತು. ಮಸ್ಕತ್‌ನದ್ದೂ ಅದೂ ಸೇರಿದ್ದರೆ ಆರು ವರ್ಷ ದಾಟಿ 15 ಅಂಕ, ಬರೀ ಮಸ್ಕತ್ ಅಂದರೆ 13. ಎರಡೇ ಅಂಕ ತಾನೇ ಅನ್ನಬೇಡಿ, ಲೆಕ್ಕ ಕೇಳಿ.

ಮೊದಲ ಜರಡಿ 100 ಅಂಕದ್ದು, ಪಾಸಾಗಲು 67. ಭಾಷೆಗೆ 28, ಓದಿಗೆ 25, ಅನುಭವಕ್ಕೆ 15, ವಯಸ್ಸಿಗೆ 12, ಅಲ್ಲಿ ಕೆಲಸ ಮೊದಲೇ ಸಿಕ್ಕಿದ್ದರೆ 10, ಹೊಂದಿಕೊಳ್ಳುವ ಶಕ್ತಿಗೆ ಅಂತ 10. ನನ್ನ ಬಿಎಸ್‌ಸಿ ನರ್ಸಿಂಗಿಗೆ 21. ವಯಸ್ಸು 32, ಪೂರ್ತಿ 12. ಅನುಭವ 13. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಮೊದಲ ಸಲ ಬರೆದಾಗ ಕೇಳು, ಓದು, ಬರೆ, ಮಾತಾಡು ನಾಲ್ಕರಲ್ಲೂ 6 ಬ್ಯಾಂಡ್ ಬಂತು. ಒಂದೊಂದಕ್ಕೆ 4ರಂತೆ 16. ಕೂಡಿಸಿ: 62. ಫೇಲ್! ಆಸ್ಪತ್ರೆಯ ಆ ಎರಡು ಅಂಕ ಸೇರಿದ್ದರೂ 64.

ಐದು ಅಂಕ ಎಲ್ಲಿಂದ ಬಂತು ಅಂದರೆ ನಮ್ಮವರಿಂದ. ಗಂಡನೋ ಹೆಂಡತಿಯೋ ಇಂಗ್ಲಿಷಿನಲ್ಲಿ ಕೆನಡಾದ ಭಾಷಾ ಅಳತೆಯ ನಾಲ್ಕನೇ ಮಟ್ಟ ಮುಟ್ಟಿದರೆ ಸಾಕು, ಹೊಂದಿಕೊಳ್ಳುವ ಶಕ್ತಿಯ ಲೆಕ್ಕದಲ್ಲಿ 5 ಅಂಕ. ಅವರು ಎಸಿ ಮೆಕ್ಯಾನಿಕ್, ಕನ್ನಡ ಮೀಡಿಯಂ, ‘ನನಗೆ ಈ ವಯಸ್ಸಿಗೆ ಪರೀಕ್ಷೆಯಾ ಮಾರಾಯ್ತಿ’ ಅಂತ ಗೊಣಗಿದರು. ಎರಡು ತಿಂಗಳು ರಾತ್ರಿ ಕೂತು ಬರೆದರು. 67. ಸರಿಯಾಗಿ ಗೆರೆಯ ಮೇಲೆ.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ನಮ್ಮಲ್ಲಿ ಅರ್ಜಿ ಅಂದರೆ ಗಂಡಸಿನ ಹೆಸರಿನಲ್ಲಿ ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ನಮ್ಮ ಮನೆಯಲ್ಲೂ ಹಾಗೇ ಇತ್ತು. ಏಜೆಂಟ್ ಒಬ್ಬ ಅವರ ಹೆಸರಲ್ಲೇ ಕಡತ ಶುರು ಮಾಡಿದ್ದ. ಅವರಿಗೆ 37 ವರ್ಷ, ಡಿಪ್ಲೊಮಾ. ಎರಡನೇ ಪಟ್ಟಿಯಲ್ಲಿ ವಯಸ್ಸಿಗೆ ಅವರಿಗೆ 60 ಅಂಕ, ನನಗೆ 85. ಓದಿನಲ್ಲೂ ನಾನೇ ಮುಂದೆ. ಇಬ್ಬರಲ್ಲಿ ಯಾರ ಹೆಸರಲ್ಲಿ ಹಾಕಿದರೂ ಇಬ್ಬರಿಗೂ ಮಕ್ಕಳಿಗೂ ಪಿಆರ್ ಬರುತ್ತದೆ. ಆದ್ದರಿಂದ ಎರಡೂ ಲೆಕ್ಕ ಹಾಕಿ ನೋಡಿ. ನಮ್ಮ ಮಾವನವರಿಗೆ ಮಾತ್ರ ‘ಸೊಸೆಯ ಹೆಸರಿನ ಮೇಲೆ ಮಗ ಹೋದ’ ಅನ್ನುವುದು ಇನ್ನೂ ಜೀರ್ಣ ಆಗಿಲ್ಲ.

ಎರಡನೇ ಪಟ್ಟಿ ಅಂದೆನಲ್ಲ, ಅದು ಸಿಆರ್‌ಎಸ್, ಅಂದರೆ ಪಾಸಾದವರಲ್ಲಿ ಯಾರು ಮೇಲೆ ಯಾರು ಕೆಳಗೆ ಅಂತ ಸಾಲಾಗಿ ನಿಲ್ಲಿಸುವ ಅಂಕಪಟ್ಟಿ. 67 ಬಂದರೆ ಕೊಳಕ್ಕೆ ಇಳಿಸುತ್ತಾರೆ, ಅಷ್ಟೆ. ಆಗಾಗ ಬಲೆ ಬೀಸಿ ಮೇಲಿನವರನ್ನು ಎತ್ತಿಕೊಳ್ಳುತ್ತಾರೆ. ಒಟ್ಟು 1,200 ಅಂಕ. ಅಲ್ಲಿ ವಯಸ್ಸು ನಿಮ್ಮನ್ನು ಪ್ರತಿ ಹುಟ್ಟುಹಬ್ಬಕ್ಕೂ ಕೊರೆಯುತ್ತದೆ. ಒಂಟಿ ಅರ್ಜಿದಾರರಿಗೆ 20ರಿಂದ 29ರವರೆಗೆ 110, 35ಕ್ಕೆ 77, 40ಕ್ಕೆ 50, 45ಕ್ಕೆ ಸೊನ್ನೆ. ಇಲ್ಲಿ ಮುಂದೆ ಕೂತಿರುವ ತಂಗಿಯಂದಿರೇ, ನಿಮ್ಮ ಹತ್ತಿರ ಈಗ ಇರುವ ಆಸ್ತಿ ಇದೊಂದೇ, ಅದೂ ಕರಗುವ ಬೆಲ್ಲ.

ಇನ್ನೊಂದು ಅರ್ಧ ಬ್ಯಾಂಡಿನ ಕಥೆ. ಎರಡನೇ ಸಲ ಐಇಎಲ್‌ಟಿಎಸ್ ಬರೆದೆ. ಕೇಳುವುದು 8, ಓದುವುದು 7, ಮಾತು 7, ಬರೆಯುವುದು 6.5. ಮನೆಯಲ್ಲಿ ಪಾಯಸ. ಆಮೇಲೆ ಲೆಕ್ಕ ಹಾಕಿದೆ. ಬರವಣಿಗೆಯಲ್ಲೂ 7 ಇದ್ದಿದ್ದರೆ ನಾಲ್ಕೂ ಒಂಬತ್ತನೇ ಮಟ್ಟ. ನಾಲ್ಕೂ ಒಂಬತ್ತಾದರೆ ಬರವಣಿಗೆಗೆ 7 ಅಂಕ ಹೆಚ್ಚು, ಜೊತೆಗೆ ಪದವಿಯೂ ಭಾಷೆಯೂ ಸೇರಿದ್ದಕ್ಕೆ ಕೊಡುವ ಅಂಕ 13ರಿಂದ 25, ವಿದೇಶಿ ಅನುಭವದ್ದು 25ರಿಂದ 50. ಒಟ್ಟು 44 ಅಂಕ. ಅರ್ಧ ಬ್ಯಾಂಡಿಗೆ! ಒಂದು ವರ್ಷ ಹೆಚ್ಚು ದುಡಿದರೂ ನನಗೆ ಅಷ್ಟು ಅಂಕ ಬರುತ್ತಿರಲಿಲ್ಲ. ಮೂರನೇ ಸಲ ಬರೆದೆ. ಆ ಹೊತ್ತಿಗೆ ಪತ್ರ ಬರೆಯುವ ಪ್ರಶ್ನೆಯಲ್ಲಿ ನೆರೆಮನೆಯವರಿಗೆ ದೂರು ಬರೆಯುವುದು ಎಷ್ಟು ರೂಢಿಯಾಗಿತ್ತೆಂದರೆ, ನಿಜವಾಗಿಯೂ ಮೇಲಿನ ಮಹಡಿಯವರಿಗೆ ಒಂದು ಬರೆದುಕೊಟ್ಟಿದ್ದೆ. 7 ಬಂತು.

ಆದರೂ ನನ್ನ ಅಂಕ 400ರ ಆಚೀಚೆ. ಬಲೆ ಬೀಸುತ್ತಿದ್ದದ್ದು ಅದಕ್ಕಿಂತ ಮೇಲೆ. ಆಗ ಕೈ ಹಿಡಿದದ್ದು ಪ್ರಾಂತ. ಕೆನಡಾದ ಪ್ರಾಂತಗಳು ತಮಗೆ ಬೇಕಾದ ಕಸುಬಿನವರನ್ನು ತಾವೇ ಹೆಸರಿಸಬಹುದು. ಹಾಗೆ ಹೆಸರಿಸಿದರೆ ಒಂದೇ ಏಟಿಗೆ 600 ಅಂಕ. ನನ್ನನ್ನು ಹೆಸರಿಸಿದ್ದು ಸಸ್ಕಾಚೆವಾನ್. ಅದು ಎಂಥ ಜಾಗ ಅಂದರೆ, 2021ರ ಜನಗಣತಿಯಲ್ಲಿ ಅಲ್ಲಿ 11 ಲಕ್ಷ 32 ಸಾವಿರ ಜನ. ನಮ್ಮ ಉತ್ತರ ಕನ್ನಡದಲ್ಲಿ 2011ರಲ್ಲೇ 14 ಲಕ್ಷ 37 ಸಾವಿರ. ಜಾಗ ಮಾತ್ರ ನಮ್ಮ ಜಿಲ್ಲೆಯ 63 ಪಟ್ಟು. ಕಾಳಿಯಿಂದ ಶರಾವತಿವರೆಗಿನ ಜನರನ್ನು ಅಷ್ಟಗಲಕ್ಕೆ ಚೆಲ್ಲಿದರೆ ಹೇಗಿರುತ್ತದೆ ಯೋಚಿಸಿ. ನರ್ಸ್ ಬೇಕು ಅನ್ನದೆ ಏನು ಮಾಡುತ್ತಾರೆ? 2023ರಿಂದ ಕೇಂದ್ರದವರೂ ಆರೋಗ್ಯ, ಕುಶಲ ಕಸುಬು, ಫ್ರೆಂಚ್ ಬಲ್ಲವರು ಅಂತ ಬೇರೆ ಬೇರೆ ಬಲೆ ಬೀಸಲು ಶುರು ಮಾಡಿದ್ದಾರೆ. ಅಲ್ಲಿನ ಕೆಲಸದ ಆಫರ್ ಇದ್ದರೆ ಸಿಆರ್‌ಎಸ್‌ನಲ್ಲಿ 50 ಅಥವಾ 200 ಅಂಕ ಕೊಡುತ್ತಿದ್ದದ್ದನ್ನು 2025ರ ಮಾರ್ಚ್ 25ಕ್ಕೆ ತೆಗೆದುಬಿಟ್ಟರು, ಯಾಕೆಂದರೆ ಆಫರ್ ಲೆಟರ್ ಮಾರುವ ಅಂಗಡಿಗಳೇ ಹುಟ್ಟಿದ್ದವು. ಇವತ್ತೂ ಯಾರಾದರೂ ‘ಆಫರ್ ಲೆಟರ್ ಕೊಡಿಸಿ ಅಂಕ ಏರಿಸುತ್ತೇನೆ’ ಅಂದರೆ ಚಹಾ ಕುಡಿದು ಎದ್ದು ಬನ್ನಿ.

ಐಟಿಐ ಹುಡುಗರಿಗೆ ಒಂದು ಮಾತು. ಕುಶಲ ಕಸುಬುದಾರರಿಗೆ ಬೇರೆಯೇ ಒಂದು ದಾರಿ ಇದೆ. ಭಾಷೆಯ ಮಟ್ಟ ಕಡಿಮೆ, ಕಳೆದ ಐದು ವರ್ಷದಲ್ಲಿ ಎರಡು ವರ್ಷದ ಅನುಭವ ಬೇಕು. ಆದರೆ ಅಲ್ಲಿನ ಕೆಲಸದ ಆಫರ್ ಇಲ್ಲವೇ ಅಲ್ಲಿನ ಪ್ರಾಂತ ಕೊಟ್ಟ ಕಸುಬಿನ ಅರ್ಹತಾ ಪತ್ರ ಕೇಳುತ್ತಾರೆ. ಇಲ್ಲಿ ಕೂತು ಅದನ್ನು ಪಡೆಯುವುದು ಕಷ್ಟ. ಜರ್ಮನಿ ಕಡೆ ಮನಸ್ಸಿದ್ದರೆ ಭಾಷೆ ಈಗಲೇ ಹಿಡಿಯಿರಿ. ಅಲ್ಲಿ ಅರ್ಹ ಕೆಲಸಗಾರರಿಗೆ ಮೂರು ವರ್ಷಕ್ಕೆ ಖಾಯಂ ವಾಸ, ಬಿ1 ಅನ್ನುವ ನಡುಮಟ್ಟದ ಜರ್ಮನ್ ಮತ್ತು 36 ತಿಂಗಳ ಪಿಂಚಣಿ ಕಂತು ಬೇಕು. ಆಸ್ಟ್ರೇಲಿಯಾದಲ್ಲೂ ಅಂಕದ್ದೇ ಆಟ, ಕನಿಷ್ಠ 65, ವಯಸ್ಸು 45ರ ಒಳಗೆ.

ಹೆಸರಿನ ವಿಷಯ ಹೇಳದೆ ಮುಂದೆ ಹೋದರೆ ನೀವು ಬಯ್ಯುತ್ತೀರಿ. ನಾಯ್ಕ ಬೇರೆ, ನಾಯಕ ಬೇರೆ ಅಂತ ಅಂಕೋಲೆಯ ಚಿಕ್ಕ ಮಗುವಿಗೂ ಗೊತ್ತು. ಇಂಗ್ಲಿಷಿಗೆ ಗೊತ್ತಿಲ್ಲ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಸ್ಪೆಲಿಂಗ್, ಅಪ್ಪನ ರೇಷನ್ ಕಾರ್ಡಿನಲ್ಲಿ ಇನ್ನೊಂದು, ನರ್ಸಿಂಗ್ ಕೌನ್ಸಿಲಿನ ನೋಂದಣಿಯಲ್ಲಿ ಮೂರನೆಯದು, ಮದುವೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿ ನಾಲ್ಕನೆಯದು. ನಾಲ್ಕೂ ನಾನೇ ಅಂತ ಅಫಿಡವಿಟ್ ಮಾಡಿಸಲು ಅಣ್ಣ ಮತ್ತೆ ಓಡಾಡಿದ. ನೀವು ಪಾಸ್‌ಪೋರ್ಟ್ ಮಾಡಿಸುವ ಮೊದಲೇ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿಕೊಳ್ಳಿ.

ಇನ್ನು ದುಡ್ಡು. ಅಲ್ಲಿ ಹೋಗಿ ಇಳಿದ ಮೇಲೆ ಬದುಕಲು ನಿಮ್ಮದೇ ಹಣ ಇದೆ ಅಂತ ತೋರಿಸಬೇಕು. 2025ರ ಪಟ್ಟಿಯಲ್ಲಿ ಒಬ್ಬರಿಗೆ 15,263 ಕೆನಡಾ ಡಾಲರ್, ನಾಲ್ಕು ಜನರ ಸಂಸಾರಕ್ಕೆ 28,362. ನಮ್ಮ ಕಡೆಯವರು ತಕ್ಷಣ ಹೇಳುವುದು ‘ಎರಡು ಎಕರೆ ಅಡಿಕೆ ತೋಟ ಇದೆಯಲ್ಲ’ ಅಂತ. ತೋಟ, ಮನೆ, ಬಂಗಾರ ಲೆಕ್ಕಕ್ಕಿಲ್ಲ. ಬ್ಯಾಂಕಿನಲ್ಲಿರಬೇಕು, ಸಾಲ ತಂದದ್ದಾಗಿರಬಾರದು, ಆರು ತಿಂಗಳ ಸರಾಸರಿಯನ್ನೂ ನೋಡುತ್ತಾರೆ. ಸೊಸೈಟಿಯಿಂದ ಸಾಲ ಎತ್ತಿ ಹಿಂದಿನ ದಿನ ಖಾತೆಗೆ ಹಾಕಿದರೆ ‘ಇದೆಲ್ಲಿಂದ ಬಂತು?’ ಅಂತ ಪತ್ರ ಬರುತ್ತದೆ.

ಏಜೆಂಟರ ಬಗ್ಗೆ ಬಹಳ ಹೇಳುವುದಿಲ್ಲ, ಇಲ್ಲೇ ಯಾರಾದರೂ ಕೂತಿರಬಹುದು. ದುಡ್ಡು ತೆಗೆದುಕೊಂಡು ಕೆನಡಾ ವಲಸೆಯ ಸಲಹೆ ಕೊಡಲು ಅಲ್ಲಿನ ಪರವಾನಗಿ ಬೇಕು, ಇಲ್ಲವೇ ಅಲ್ಲಿನ ವಕೀಲರಾಗಿರಬೇಕು. ಪರವಾನಗಿ ಇದ್ದವರ ಪಟ್ಟಿ ಅಂತರ್ಜಾಲದಲ್ಲೇ ಇದೆ, ಹೆಸರು ಹಾಕಿ ನೋಡಬಹುದು. 2024ರ ಏಪ್ರಿಲ್ 30ರ ದರದಲ್ಲಿ ಸರ್ಕಾರಕ್ಕೆ ಕಟ್ಟುವುದು ಒಬ್ಬ ವಯಸ್ಕರಿಗೆ 1,525 ಡಾಲರ್. ಏಜೆಂಟ್ ಕೇಳುವ ಲಕ್ಷಗಳಲ್ಲಿ ಇದೆಷ್ಟು, ಅವನದೆಷ್ಟು ಅಂತ ಬರೆಸಿಕೊಳ್ಳಿ. ಇನ್ನೊಂದು: ಸುಳ್ಳು ಅನುಭವ ಪತ್ರ ಅವನು ಮಾಡಿಕೊಟ್ಟರೂ ಅರ್ಜಿಗೆ ಸಹಿ ನಿಮ್ಮದು. ಸಿಕ್ಕಿಬಿದ್ದರೆ ಐದು ವರ್ಷ ಆ ದೇಶದ ಬಾಗಿಲು ನಿಮಗೆ ಬಂದ್, ಅವನಿಗಲ್ಲ.

ಕೊನೆಯದಾಗಿ ನರ್ಸಿಂಗ್ ಮಕ್ಕಳು ಸರಿಯಾಗಿ ಕೇಳಿಸಿಕೊಳ್ಳಿ. ಪಿಆರ್ ಬಂದ ದಿನ ನಾನು ಕೆನಡಾದಲ್ಲಿ ನರ್ಸ್ ಆಗಿರಲಿಲ್ಲ. ವಾಸಕ್ಕೆ ಒಂದು ಇಲಾಖೆ, ಕಸುಬಿನ ಲೈಸೆನ್ಸಿಗೆ ಬೇರೆಯವರು. ನಾನು ನರ್ಸ್ ಅಂತಲೇ ನನ್ನನ್ನು ಕರೆಸಿಕೊಂಡರು, ಇಳಿದ ಮೇಲೆ ‘ನೀನು ನರ್ಸ್ ಅಂತ ತೋರಿಸು’ ಅಂದರು. ಏಳೆಂಟು ತಿಂಗಳು ವೃದ್ಧಾಶ್ರಮದಲ್ಲಿ ಸಹಾಯಕಿ ಕೆಲಸ. ಅಜ್ಜಿಯರಿಗೆ ಸ್ನಾನ, ಊಟ, ಹಾಸಿಗೆ. ಐಸಿಯುನಲ್ಲಿ ವೆಂಟಿಲೇಟರ್ ನೋಡಿಕೊಂಡವಳು ಅಲ್ಲಿ ಒಂದು ಪ್ಯಾರಾಸಿಟಮಾಲ್ ಕೊಡುವಂತಿಲ್ಲ. ರಾತ್ರಿ ನರ್ಸ್ ಲೈಸೆನ್ಸಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಗೆ ಓದುವುದು. ಆ ಪರೀಕ್ಷೆಯಲ್ಲಿ ಕನಿಷ್ಠ 85 ಪ್ರಶ್ನೆ, ಹೆಚ್ಚೆಂದರೆ 150. ನಿಮ್ಮ ಬಗ್ಗೆ ಒಂದು ತೀರ್ಮಾನಕ್ಕೆ ಬಂದ ಕೂಡಲೇ ಕಂಪ್ಯೂಟರ್ ನಿಂತುಬಿಡುತ್ತದೆ. ನನ್ನದು 85ಕ್ಕೇ ನಿಂತಿತು. ಪಾಸೋ ಫೇಲೋ ಹೇಳದೆ ಪರದೆ ಬೆಳ್ಳಗಾಯಿತು. ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ಅತ್ತೆ, ಕಣ್ಣೀರು ರೆಪ್ಪೆಯ ಮೇಲೇ ಗಟ್ಟಿಯಾಯಿತು, ಅಷ್ಟು ಚಳಿ. ಪಾಸಾಗಿದ್ದೆ. ಈಗಲೇ ನಿಮ್ಮ ಕಾಲೇಜಿನಿಂದ ಎಷ್ಟು ಗಂಟೆ ಥಿಯರಿ, ಎಷ್ಟು ಗಂಟೆ ಆಸ್ಪತ್ರೆ ತರಬೇತಿ ಅನ್ನುವ ಪಟ್ಟಿ ಮುದ್ರೆ ಸಮೇತ ಬರೆಸಿಟ್ಟುಕೊಂಡರೆ ಮುಂದೆ ಒಂದು ವರ್ಷ ಉಳಿಯುತ್ತದೆ.

ಪ್ರಶ್ನೆ: ಪಿಆರ್ ಆದರೆ ಪಹಣಿಯಿಂದ ಹೆಸರು ಹೋಗುತ್ತದಾ?

ಹೋಗುವುದಿಲ್ಲ. ಹಿರಿಯರಿಂದ ಬಂದ ಜಮೀನು ನಿಮ್ಮ ಹೆಸರಲ್ಲೇ ಇರಬಹುದು. ಅನಿವಾಸಿಯಾದ ಮೇಲೆ ಹೊಸದಾಗಿ ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ, ಅಷ್ಟೆ. ಪಿಆರ್ ಉಳಿಸಿಕೊಳ್ಳಲು ಐದು ವರ್ಷದಲ್ಲಿ 730 ದಿನ ಅಲ್ಲಿರಬೇಕು. ಹಾಗಾಗಿ ಅಡಿಕೆ ಕೊಯ್ಲಿಗೆ ಬಂದು ಹೋಗಲು ಬೇಕಾದಷ್ಟು ದಿನ ಉಳಿಯುತ್ತದೆ. ಅಲ್ಲಿನ ಪೌರತ್ವ ತೆಗೆದುಕೊಂಡರೆ ಮಾತ್ರ ನಮ್ಮ ಪಾಸ್‌ಪೋರ್ಟ್ ಬಿಡಬೇಕು. ಭಾರತದಲ್ಲಿ ಎರಡು ಪೌರತ್ವ ಇಲ್ಲ.

ಪ್ರಶ್ನೆ: ಆಯಿಯನ್ನು ಕರೆದುಕೊಂಡು ಹೋದೆಯಾ?

ಪಿಆರ್ ಅರ್ಜಿಯಲ್ಲಿ ತಂದೆತಾಯಿಯನ್ನು ಸೇರಿಸಲು ಆಗುವುದಿಲ್ಲ. ಗಂಡ ಇಲ್ಲವೇ ಹೆಂಡತಿ, 22ರೊಳಗಿನ ಮಕ್ಕಳು, ಇಷ್ಟೇ. ಅವರಿಗೆ ಸೂಪರ್ ವೀಸಾ ಅಂತ ಇದೆ, ಒಂದು ಸಲಕ್ಕೆ ಐದು ವರ್ಷದವರೆಗೂ ಇರಬಹುದು. ನಮ್ಮ ವರಮಾನದ ಪುರಾವೆ, ಒಂದು ಲಕ್ಷ ಡಾಲರಿನ ವಿಮೆ, ಎಲ್ಲ ಮಾಡಿಸಿ ಆಯಿಯನ್ನು ಕರೆಸಿದೆ. ಜನವರಿಯಲ್ಲಿ ಬಂದಳು. ಏಪ್ರಿಲ್ ಹೊತ್ತಿಗೆ ದಿನಾ ಕಿಟಕಿ ಹತ್ತಿರ ನಿಂತು ಕೇಳತೊಡಗಿದಳು, ಮಳೆಗೆ ಮೊದಲು ಕಟ್ಟಿಗೆ ಒಳಗೆ ಹಾಕಬೇಕು, ಅಣ್ಣನಿಗೆ ಅದೆಲ್ಲ ನೆನಪಿರುವುದಿಲ್ಲ, ಟಿಕೆಟ್ ಯಾವಾಗ ಮಾಡಿಸುತ್ತೀ ಅಂತ. ಮೇ ಹದಿನೈದರ ಒಳಗೆ ಅಂಕೋಲೆಯಲ್ಲಿದ್ದಳು.